ಒಂದೇ ಕಮಾನು ಪಟ್ಟಿ, ಮೂರು ಚಾಕು: ರೂಪವನ್ನು ಎಲ್ಲಿಂದ ತರಬೇಕು?

ಚಾಕು ಮಾಡುವುದನ್ನು ಹವ್ಯಾಸವಾಗಿ ಹಿಡಿದವರಿಗೆ ಮೊದಲ ಒಂದೆರಡು ವರ್ಷ ಉಕ್ಕು, ಬೆಂಕಿ, ಎಣ್ಣೆಗಳದೇ ಚಿಂತೆ. ಅಲಗು ಸೊಟ್ಟಗಾಗದೆ, ಬಿರುಕು ಬಿಡದೆ ಹದಕ್ಕೆ ಬಂದರೆ ಅಷ್ಟೇ ಸಾಕು ಎನ್ನಿಸುತ್ತದೆ. ಆ ಹಂತ ದಾಟಿದ ಮೇಲೆ ಮತ್ತೊಂದು ತೊಡಕು ಎದುರಾಗುತ್ತದೆ: ಮಾಡಿದ್ದೆಲ್ಲ ಇನ್ನಾರದೋ ಚಾಕುವಿನಂತೆ ಕಾಣತೊಡಗುತ್ತದೆ. ಬೀದರಿನ ಹಳೆಯ ಊರಿನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಕುಳಿತು ಕಳೆದ ವರ್ಷ ಈ ತೊಡಕನ್ನೇ ಒಂದು ಪರೀಕ್ಷೆಗೆ ಒಡ್ಡಿದೆ. ಹವ್ಯಾಸಿಗಳು ಸಾಮಾನ್ಯವಾಗಿ ರೂಪವನ್ನು ಹುಡುಕಿಕೊಂಡು ಹೋಗುವ ದಾರಿಗಳಲ್ಲಿ ಮೂರನ್ನು ಆರಿಸಿಕೊಂಡು, ಒಂದೊಂದು ದಾರಿಯಿಂದ ಒಂದೊಂದು ಅಡುಗೆಮನೆಯ ಚಾಕು ಮಾಡಿದೆ. ಮೊದಲನೆಯದಕ್ಕೆ ಪರದೆಯ ಮೇಲಿನ ಚಿತ್ರವೇ ಮಾದರಿ. ಎರಡನೆಯದಕ್ಕೆ ನಮ್ಮೂರಿನ ಕಟ್ಟಡಗಳು ಮತ್ತು ಬಿದ್ರಿ ಕಲೆ, ಮೂರನೆಯದಕ್ಕೆ ಕಂಬಾರರ ಕುಲುಮೆಯಲ್ಲಿ ಹುಟ್ಟುವ ದಿನಬಳಕೆಯ ಹತಾರಗಳು.

ಹೋಲಿಕೆ ನ್ಯಾಯವಾಗಿರಲೆಂದು ಮೂರಕ್ಕೂ ಒಂದೇ ಉಕ್ಕನ್ನು ಬಳಸಿದೆ. ಗುಜರಿಯಲ್ಲಿ ಸಿಕ್ಕ ಲಾರಿಯ ಕಮಾನು ಪಟ್ಟಿಯೊಂದನ್ನು ಕಾಯಿಸಿ, ಇಡೀ ರಾತ್ರಿ ಬೂದಿಯಲ್ಲಿ ಹೂತು ಮೆತ್ತಗಾಗಿಸಿ, ಮೂರು ತುಂಡು ಮಾಡಿಕೊಂಡೆ. ರೂಪ ಕೊಟ್ಟ ಮೇಲೆ ಮೂರನ್ನೂ ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ, ಅದಕ್ಕಿಂತ ತುಸು ಹೆಚ್ಚೇ ಕಾಯಿಸಿ, ಸುಮಾರು 60 ಡಿಗ್ರಿಗೆ ಬಿಸಿ ಮಾಡಿದ ಶೇಂಗಾ ಎಣ್ಣೆಯಲ್ಲಿ ಅದ್ದಿದೆ; ಅರ ಹಾಕಿದರೆ ಕಚ್ಚದೆ ಜಾರುವುದನ್ನು ಖಚಿತಪಡಿಸಿಕೊಂಡು, ಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ತಲಾ ಒಂದು ತಾಸಿನಂತೆ ಎರಡು ಸಲ ಇಟ್ಟು ಪೆಡಸು ಕಳೆದೆ. ಆದ್ದರಿಂದ ಮುಂದೆ ಹೇಳುವ ವ್ಯತ್ಯಾಸಗಳಿಗೆ ಉಕ್ಕು ಕಾರಣವಲ್ಲ.

ಅಡುಗೆಮನೆಯ ಚಾಕುವನ್ನೇ ಆರಿಸಿದ್ದಕ್ಕೂ ಕಾರಣವಿದೆ. ಕೋಟೆಯ ನೆರಳಿನಲ್ಲಿ ಬೆಳೆದವನಿಗೆ ಕಠಾರಿ, ಜಂಬಿಯಾಗಳ ಬಾಗು ಕಣ್ಣಿಗೆ ಕಟ್ಟುವುದು ಸಹಜವೇ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳು ಕಠಾರಿಯಂಥವನ್ನೂ, 9 ಇಂಚಿಗಿಂತ ಉದ್ದದ ಇಲ್ಲವೆ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳನ್ನೂ ಶಸ್ತ್ರಗಳ ಸಾಲಿಗೆ ಸೇರಿಸುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಎಂದು ರೂಪಿಸಿದವುಗಳಿಗೆ ಮಾತ್ರ ವಿನಾಯಿತಿ. ಗೋಡೆಗೆ ತೂಗುಹಾಕುವ ವಸ್ತುವಿಗಿಂತ ಉಳ್ಳಾಗಡ್ಡಿ ಹೆಚ್ಚುವ ವಸ್ತುವೇ ಮಾಡಿದವನ ತಪ್ಪನ್ನು ಬೇಗ ತೋರಿಸುತ್ತದೆ ಎಂಬುದು ಇನ್ನೊಂದು ಕಾರಣ.

ಮೊದಲನೆಯ ಚಾಕು ನಕಲು. ಅಮೆರಿಕದ ಬಾಬ್ ಲವ್‌ಲೆಸ್ (1929–2010) ಜನಪ್ರಿಯಗೊಳಿಸಿದ, ಬೆನ್ನು ಮೆಲ್ಲಗೆ ಇಳಿದು ಮೊನೆಯನ್ನು ಸೇರುವ ಬೇಟೆಚಾಕುವಿನ ಆಕಾರವನ್ನು ಜಗತ್ತಿನ ಎಷ್ಟೋ ಹವ್ಯಾಸಿಗಳು ನಕಲು ಮಾಡಿದ್ದಾರೆ. ನಾನೂ ಆ ಸಾಲಿಗೆ ಸೇರಿದೆ. ಅವರು ತಮ್ಮ ಮೊದಲ ಚಾಕುವನ್ನು ಹಳೆಯ ಕಾರಿನ ಸ್ಪ್ರಿಂಗಿನಿಂದ ಮಾಡಿದ್ದರೆಂದು ಓದಿದಾಗ, ನನ್ನ ಗುಜರಿ ಪಟ್ಟಿಯ ಮೇಲೆ ಗೌರವ ಹೆಚ್ಚಿತೆಂದು ಒಪ್ಪಿಕೊಳ್ಳಬೇಕು. ನಕಲು ಮಾಡುವುದನ್ನು ಕೀಳೆಂದು ಭಾವಿಸುವವರಿದ್ದಾರೆ. ನನ್ನ ಅನುಭವ ಹಾಗಿಲ್ಲ. ಅಲಗಿನ ಎರಡೂ ಬದಿಯ ಇಳಿಜಾರು ಹಿಡಿಯ ಹತ್ತಿರ ಒಂದೇ ಗೆರೆಯಲ್ಲಿ ನಿಲ್ಲುವಂತೆ ಅರ ಹಾಕುವುದನ್ನೂ, ಉಕ್ಕಿನ ಮೇಲೆ ಮಾರ್ಕರ್ ಶಾಯಿ ಬಳಿದು ಅರ ಎಲ್ಲಿ ಮುಟ್ಟಿದೆ, ಎಲ್ಲಿ ಮುಟ್ಟಿಲ್ಲ ಎಂದು ಓದುವುದನ್ನೂ ನಾನು ಕಲಿತದ್ದು ಈ ಚಾಕುವಿನಿಂದಲೇ. ಎದುರಿಗೆ ಮಾದರಿ ಇದ್ದಾಗ ತಪ್ಪಿಗೆ ನೆಪ ಇರುವುದಿಲ್ಲ. ನನ್ನದೇ ಕಲ್ಪನೆಯಾಗಿದ್ದರೆ ಸೊಟ್ಟ ಗೆರೆಯನ್ನೂ ಶೈಲಿ ಎಂದು ಹೇಳಿಕೊಳ್ಳುತ್ತಿದ್ದೆನೇನೋ.

ಆದರೆ ಚಿತ್ರಕ್ಕೆ ಒಂದು ದೊಡ್ಡ ಕೊರತೆಯಿದೆ: ಅದು ಚಾಕುವಿನ ಮಗ್ಗುಲನ್ನಷ್ಟೇ ತೋರಿಸುತ್ತದೆ. ಬೆನ್ನು ಎಷ್ಟು ದಪ್ಪ, ಆ ದಪ್ಪ ಬಾಯಿಯ, ಅಂದರೆ ಹರಿತ ಅಂಚಿನ, ಕಡೆಗೆ ಹೇಗೆ ಕರಗುತ್ತದೆ, ಹಿಡಿ ಅಂಗೈಯಲ್ಲಿ ಎಲ್ಲಿ ಉಬ್ಬಬೇಕು ಎಂಬುದೊಂದೂ ಪರದೆಯಲ್ಲಿ ಕಾಣುವುದಿಲ್ಲ. ನಾನು ಬೇಟೆಚಾಕುವಿಗೆ ಒಪ್ಪುವ 4 ಮಿಲಿಮೀಟರ್ ಬೆನ್ನನ್ನು ಊಹಿಸಿ ಇಟ್ಟುಕೊಂಡೆ, ಕತ್ತರಿಸಬೇಕಾದದ್ದು ಗಜ್ಜರಿ ಎಂಬುದನ್ನು ಮರೆತು.

ಎರಡನೆಯ ದಾರಿಗೆ ಊರಲ್ಲಿ ಸಂಪತ್ತಿನ ಕೊರತೆಯಿಲ್ಲ. 1472ರ ಮಹಮೂದ್ ಗವಾನ್ ಮದರಸಾದ ಮಿನಾರಿನ ಮೇಲೆ ಹೆಂಚಿನ ಅಂಕುಡೊಂಕು ಪಟ್ಟೆಗಳಿವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳಿವೆ. ಇವೆಲ್ಲಕ್ಕೂ ಮಿಗಿಲಾಗಿ ಬಿದ್ರಿ ಇದೆ. ಸತು ಹೆಚ್ಚಾಗಿಯೂ ತಾಮ್ರ ಅತಿ ಕಡಿಮೆಯಾಗಿಯೂ ಇರುವ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಲೆ ನಮ್ಮ ಓಣಿಯ ಮಗ್ಗುಲಲ್ಲೇ ಇರುವಾಗ ಪರದೇಶದ ಚಿತ್ರವೇಕೆ ಎಂಬ ಹುಮ್ಮಸ್ಸಿನಲ್ಲಿ ಮಾಡಿದ ಚಾಕು ಇದು.

ಹುಮ್ಮಸ್ಸು ಎರಡು ಕಡೆ ದಾರಿ ತಪ್ಪಿಸಿತು. ಬಿದ್ರಿಯ ಕಪ್ಪನ್ನು ಅಲಗಿಗೇ ತರಬೇಕೆಂದು ಉಕ್ಕಿನ ಚೂರೊಂದನ್ನು ಅದೇ ಬಗೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದೆ. ಮರುದಿನ ಕಂಡದ್ದು ಕೆಂಪು ತುಕ್ಕು. ಆ ಕಪ್ಪು ಸತುವಿನ ಎರಕದ ಗುಣ, ಉಕ್ಕಿನದಲ್ಲ. ನವಸಾಗರವಂತೂ ಕಬ್ಬಿಣವನ್ನು ತಿನ್ನುವಂಥದ್ದು. ಇದನ್ನು ಮೊದಲೇ ಯೋಚಿಸಬೇಕಿತ್ತು. (ಉಕ್ಕನ್ನು ಕಪ್ಪಾಗಿಸಲು ಹುಣಸೆ ಹುಳಿ, ಗಟ್ಟಿ ಚಹಾದ ಡಿಕಾಕ್ಷನ್ ಸಾಕಾಗುತ್ತವೆ, ಅಡುಗೆಮನೆಯಲ್ಲಿ ಆ ಬಣ್ಣ ತಾನಾಗಿಯೇ ಬರುತ್ತದೆ.) ಎರಡನೆಯ ತಪ್ಪು ಮಿನಾರಿನ ಅಂಕುಡೊಂಕು ಪಟ್ಟೆಯನ್ನು ಸಣ್ಣ ಅರದಿಂದ ಅಲಗಿನ ಬೆನ್ನ ಮೇಲೆ ಕೊರೆದದ್ದು. ನೋಡಲು ಅದು ನಿಜಕ್ಕೂ ಚೆನ್ನಾಗಿತ್ತು. ಹಿಡಿಯ ಬುಡಕ್ಕೆ ಬಿದ್ರಿಯ ಕಟ್ಟೊಂದನ್ನು, ಅಂದರೆ ಹಿಡಿಯನ್ನು ಸುತ್ತುವ ಲೋಹದ ಪಟ್ಟಿಯನ್ನು, ಒಬ್ಬ ಕುಶಲಕರ್ಮಿಯಿಂದ ಮಾಡಿಸಿಕೊಂಡೆ. ಸತು ಸುಮಾರು 420 ಡಿಗ್ರಿಗೇ ಕರಗುವುದರಿಂದ ಅಲಗಿಗೆ ಹದ ಕೊಟ್ಟು ಮುಗಿಸಿದ ಮೇಲೆಯೇ ಅದನ್ನು ಅಂಟಿನಿಂದ ಕೂರಿಸಬೇಕು. ನಾನು ತೆಗೆದುಕೊಂಡು ಹೋದ ನಕ್ಷೆಯಲ್ಲಿ ಇಡೀ ಕಟ್ಟಿನ ತುಂಬ ಹೂಬಳ್ಳಿ ಇತ್ತು. ಅವರು ಅದನ್ನು ನೋಡಿ, ಇಷ್ಟು ಬೆಳ್ಳಿ ಹಾಕಿದರೆ ಕಪ್ಪು ಎಲ್ಲಿ ಕಾಣಬೇಕು ಎಂದು ಕೇಳಿದ್ದು ಆಗ ನನ್ನ ತಲೆಗೆ ಹೋಗಲಿಲ್ಲ. ಹಟ ಮಾಡಿ ಹೂಬಳ್ಳಿಯನ್ನೇ ಹಾಕಿಸಿದೆ.

ಮೂರನೆಯದರ ಹಿಂದೆ ಹೆಚ್ಚು ಆಲೋಚನೆ ಇರಲಿಲ್ಲ, ನೋಡುವ ಕೆಲಸ ಮಾತ್ರ ಇತ್ತು. ಪರಿಚಯದ ಕಂಬಾರರೊಬ್ಬರ ಕುಲುಮೆಯಲ್ಲಿ ನಾಲ್ಕು ರವಿವಾರ ಕುಳಿತು ಕುಡುಗೋಲು, ಕಳೆ ತೆಗೆಯುವ ಕುರ್ಚಿಗೆ, ಈಳಿಗೆಯ ಅಲಗುಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಇಲ್ಲಿ ಪರದೆ ತೋರದಿದ್ದ ದಪ್ಪ ಬೆರಳಿಗೆ ಸಿಕ್ಕಿತು: ಕುಡುಗೋಲಿನ ಬೆನ್ನು ಬುಡದಲ್ಲಿ ದಪ್ಪವಾಗಿದ್ದು ತುದಿಯ ಕಡೆಗೆ ತೆಳುವಾಗುತ್ತ ಹೋಗುತ್ತದೆ, ಏಕೆಂದರೆ ಸುತ್ತಿಗೆಯ ಏಟಿಗೆ ಉಕ್ಕು ಹಾಗೆಯೇ ಹರಿಯುತ್ತದೆ. ಅಲಗಿನ ಬಾಲವನ್ನು ಕಾಯಿಸಿ ಜಾಲಿಯ ಹಿಡಿಯೊಳಗೆ ಸುಟ್ಟುಕೊಂಡೇ ಇಳಿಸುತ್ತಾರೆ. ಅಳತೆಯ ರಂಧ್ರ ಕೊರೆಯುವ ಗೋಜಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನಾನು ಕಂಡದ್ದು ಮನೆಯಲ್ಲಿ. ಅವ್ವ ಜೀವನವಿಡೀ ಈಳಿಗೆಯ ಮೇಲೆ ಹೆಚ್ಚಿದವಳು. ಚಾಕು ಕೊಟ್ಟರೂ ಹಲಗೆಯ ಮೇಲೆ ಒತ್ತಿ ಕತ್ತರಿಸುವುದಿಲ್ಲ. ಕಾಯಿಯನ್ನು ಎಡಗೈಯಲ್ಲಿ ಹಿಡಿದು ಅಲಗನ್ನು ಹೆಬ್ಬೆರಳಿನ ಕಡೆಗೆ ಎಳೆದುಕೊಳ್ಳುತ್ತಾಳೆ. ಹಾಗೆ ಎಳೆಯುವ ಕೈಗೆ ಹೊಟ್ಟೆ ಉಬ್ಬಿದ ಅಲಗು ಬೇಡ. ಮುರಿದ ಹಣ್ಣಿನ ಪೆಟ್ಟಿಗೆಯ ತೆಳು ಹಲಗೆಯಲ್ಲಿ ನಾಲ್ಕು ಅಚ್ಚು ಕತ್ತರಿಸಿ ಅವಳ ಕೈಗೆ ಕೊಟ್ಟು, ಅವಳು ಮತ್ತೆ ಮತ್ತೆ ಎತ್ತಿಕೊಂಡದ್ದನ್ನು ಉಕ್ಕಿಗೆ ಇಳಿಸಿದೆ: 13 ಸೆಂಟಿಮೀಟರ್ ಉದ್ದದ ನೇರ ಬಾಯಿ, ತುದಿಯ ಹತ್ತಿರ ಕೆಳಗೆ ಬಾಗಿದ ಬೆನ್ನು, ಬುಡದಲ್ಲಿ 2 ಮಿಲಿಮೀಟರ್ ದಪ್ಪ.

ಪರೀಕ್ಷೆಗೆ ಎಳ್ಳಮಾವಾಸ್ಯೆಯ ಹಿಂದಿನ ಸಂಜೆಗಿಂತ ಒಳ್ಳೆಯ ಹೊತ್ತು ನಮ್ಮ ಕಡೆ ಸಿಗುವುದಿಲ್ಲ. ಮರುದಿನ ಹೊಲಕ್ಕೆ ಒಯ್ಯುವ ಭಜ್ಜಿಗೆ (ಸೊಪ್ಪು, ಕಾಯಿಪಲ್ಲೆ ಬೆರೆಸಿ ಬೇಯಿಸುವ ಪಲ್ಯ) ಗಜ್ಜರಿ, ಬದನೆ, ಮೆಂತ್ಯೆ, ಪಾಲಕ, ಉಳ್ಳಾಗಡ್ಡಿ ಸೊಪ್ಪು, ಹಸಿಮೆಣಸಿನಕಾಯಿ ಎಲ್ಲವನ್ನೂ ರಾಶಿ ಹಾಕಿ ಹೆಚ್ಚಬೇಕು. ಅವ್ವ ಮತ್ತು ಚಿಗವ್ವನ ಮುಂದೆ ಮೂರೂ ಚಾಕುಗಳನ್ನು ಇಟ್ಟು ಸುಮ್ಮನೆ ಕುಳಿತೆ.

ಇಬ್ಬರೂ ಮೊದಲು ಎತ್ತಿಕೊಂಡದ್ದು ಬಿದ್ರಿ ಕಟ್ಟಿನದನ್ನು. ಮೆಂತ್ಯೆಯ ಎರಡು ಕಟ್ಟು ಮುಗಿಯುವ ಹೊತ್ತಿಗೆ ಚಿಗವ್ವ ಅದನ್ನು ಕೆಳಗಿಟ್ಟು ತೋರುಬೆರಳನ್ನು ತಿಕ್ಕಿಕೊಂಡಳು. ಬೆನ್ನಿನ ಪಟ್ಟೆಗಳ ಅಂಚು ಬೆರಳಿಗೆ ಒತ್ತಿ ಗುರುತು ಮೂಡಿಸಿತ್ತು. ಕೊರೆದ ಗೆರೆಗಳಲ್ಲಿ ಹಸಿರು ಸೊಪ್ಪು ಮೆತ್ತಿತ್ತು. "ನೋಡ್ಲಿಕ್ಕ ಛಂದ ಅದ, ಕೈಗ ಹೊಂದವಲ್ದು" ಎಂದಳು. ಬೇಟೆಚಾಕುವಿನ ನಕಲು ಸೊಪ್ಪಿನಲ್ಲಿ ಪರವಾಗಿಲ್ಲ ಎನ್ನಿಸಿತು, ಗಜ್ಜರಿಗೆ ಬಂದಾಗ ದಪ್ಪ ಬೆನ್ನು ಬೆಣೆಯಂತೆ ಕೆಲಸ ಮಾಡಿತು: ಅಲಗು ಅರ್ಧ ಇಳಿಯುವಷ್ಟರಲ್ಲಿ ಗಜ್ಜರಿ ಟಕ್ಕೆಂದು ಸೀಳಿ ಹಾರುತ್ತಿತ್ತು. ಬಾಯಿ ಮೂರರಲ್ಲೂ ಒಂದೇ ಸಾಣೆಯ ಮೇಲೆ ಮಸೆದದ್ದೇ. ಹರಿತ ಕಡಿಮೆಯಿರಲಿಲ್ಲ, ಹರಿತದ ಹಿಂದಿನ ದಪ್ಪ ಹೆಚ್ಚಾಗಿತ್ತು. ಕಂಬಾರರ ಹತಾರದಿಂದ ಹುಟ್ಟಿದ ಚಾಕುವಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಉಳಿದೆಲ್ಲ ಕಾಯಿಪಲ್ಲೆಯನ್ನು ಅದರಿಂದಲೇ ಹೆಚ್ಚಿ ಮುಗಿಸಿದರು. ಆದರೂ ಅದನ್ನು ಗೆದ್ದ ಚಾಕು ಎಂದು ಕೂಡಲೇ ಘೋಷಿಸಲಾರೆ: ಮೊನೆ ಮೊಂಡಾದದ್ದರಿಂದ ಆಲೂಗಡ್ಡೆಯ ಕಣ್ಣು ತೆಗೆಯಲು ಬರಲಿಲ್ಲ, ಸುಟ್ಟು ಇಳಿಸಿದ ಹಿಡಿ ನೀರು ಕುಡಿದು ಎರಡು ತಿಂಗಳಲ್ಲಿ ಅಲುಗಾಡತೊಡಗಿತು, ನೋಟವೂ ಸಪ್ಪೆಯೇ.

ಹೊಸಬರು ನನ್ನನ್ನು ಕೇಳಿದರೆ ನಕಲಿನಿಂದಲೇ ಆರಂಭಿಸಲು ಹೇಳುತ್ತೇನೆ; ಆದರೆ ಮೂರು ಮಾದರಿಗಳನ್ನು ಒಂದೊಂದು ಸಲ ಮಾಡುವ ಬದಲು ಒಂದೇ ಮಾದರಿಯನ್ನು ಮೂರು ಸಲ ಮಾಡಬೇಕು, ಅದೂ ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿದ ಚಾಕುವನ್ನು. ಸ್ಮಾರಕ ಮತ್ತು ಕಲೆಯ ದಾರಿ ಅತ್ಯಂತ ಆಕರ್ಷಕ, ಅತ್ಯಂತ ಅಪಾಯಕರವೂ ಹೌದು. ಮಿನಾರಿಗೆ ಬಾಯಿಯಿಲ್ಲ, ಬಿದ್ರಿಯ ಹೂಜಿಗೆ ಬೆನ್ನಿಲ್ಲ, ಆದ್ದರಿಂದ ಅವುಗಳಿಂದ ಆಕಾರವನ್ನು ಎರವಲು ತಂದರೆ ಅದು ಚಾಕುವಿನ ಮೇಲೆ ಅಂಟಿಸಿದಂತೆಯೇ ಉಳಿಯುತ್ತದೆ. ಶೈಲಿಯ ಮಟ್ಟಿಗೆ ನನಗೆ ಹೆಚ್ಚು ಕೊಟ್ಟದ್ದು ಮೂರನೆಯ ದಾರಿ, ಏಕೆಂದರೆ ಅದರಲ್ಲಿ ಮಾತ್ರ ಮತ್ತೆ ಮಾಡಲು ಕಾರಣಗಳು ಸಿಕ್ಕವು. ಆ ಚಾಕುವನ್ನು ಈವರೆಗೆ ಐದು ಸಲ ಮಾಡಿದ್ದೇನೆ. ಪ್ರತಿಯೊಂದರ ಅಂಚನ್ನೂ ಕಾಗದದ ಮೇಲೆ ಗೀಚಿ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ಮೊನೆ, ಉದ್ದ, ಹಿಡಿಯ ಬುಡ ಎಲ್ಲವೂ ಅಲ್ಲಲ್ಲಿ ಸರಿದಿರುವುದು ಕಾಣುತ್ತದೆ. ಬೆನ್ನಿನ ಬಾಗು ಮಾತ್ರ ಐದರಲ್ಲೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದೆ. ಅದನ್ನು ನಾನು ಅಳೆದು ಉಳಿಸಿಕೊಂಡದ್ದಲ್ಲ.

ಐದನೆಯದಕ್ಕೆ ಹಿಡಿಯನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿ, ನೀರು ಇಳಿಯದಂತೆ ಅಗಸೆ ಎಣ್ಣೆ ಕುಡಿಸಿದೆ. ಬುಡದ ಕಟ್ಟಿಗಾಗಿ ಮತ್ತೆ ಅದೇ ಕುಶಲಕರ್ಮಿಯ ಬಳಿಗೆ ಹೋದೆ, ಈ ಸಲ ನಕ್ಷೆಯಿಲ್ಲದೆ. ಅವರು ಕಪ್ಪು ಲೋಹದ ಸುತ್ತ ಬೆಳ್ಳಿಯ ಒಂದೇ ಎಳೆ ತಂತಿ ಹಾಯಿಸಿ ಕೊಟ್ಟರು. ಆ ಚಾಕು ಈಗ ಭಾಲ್ಕಿಯಲ್ಲಿ ಚಿಗವ್ವನ ಮನೆಯಲ್ಲಿದೆ. ಮೊನ್ನೆ ಅವಳ ಫೋನು ಬಂದಿತ್ತು: ಹಿಡಿ ತನ್ನ ಕೈಗೆ ಅರ್ಧ ಬೆರಳಿನಷ್ಟು ಉದ್ದವಾಯಿತಂತೆ.