ತೋಟ ಕಾಯೋ ಕೋವಿ: ಅಗ್ಗದ ಒಂಟಿ ನಳಿಗೆಯೋ, ದುಬಾರಿ ಜೋಡು ನಳಿಗೆಯೋ? ಮೂರು ಮಳೆಗಾಲ ಕಳೆದ ಮೇಲಿನ ಅನುಭವ

ಶಿರಸಿ ಕಡೆ ಹವ್ಯಕರ ಮನೇಲಿ ಕೋವಿ ಇದೆ ಅಂದ್ರೆ ಹೊರಗಿನವ್ರಿಗೆ ನಗು. ಬೆಳ್ಳುಳ್ಳಿ ಒಗ್ಗರಣೆಗೂ ಹತ್ತು ಸಲ ಯೋಚನೆ ಮಾಡೋ ಜನಕ್ಕೆ ಬಂದೂಕು ಎಂತಕ್ಕೆ ಅಂತ. ನಮ್ಮಲ್ಲಿ ಕೋವಿ ಅಂದ್ರೆ ಕತ್ತಿ, ಹಾರೆ, ಗುದ್ದಲಿ ಸಾಲಿನ ಸಾಮಾನು ಮಾರಾಯ್ರೆ, ಆಯುಧ ಪೂಜೆ ದಿನ ಅವುಗಳ ಪಕ್ಕದಲ್ಲೇ ಕುಂಕುಮ ಹಚ್ಚಿಸ್ಕೊಂಡು ಮಲಗಿರ್ತದೆ. ಮಂಗ ಎಳೆ ಅಡಕೆ ಕಿತ್ತು ಚೀಪಿ ಎಸೀತದೆ, ಹಂದಿ ಬಾಳೆ ಬುಡ ಮಗುಚಿ ಹಾಕ್ತದೆ, ಗದ್ದೆ ಭತ್ತ ಹಾಲು ತುಂಬೋ ಹೊತ್ತಿಗೆ ರಾತ್ರಿಯೆಲ್ಲ ಮಾಳದಲ್ಲಿ ಕೂತು ಕೂಗಬೇಕು. ಗರ್ನಾಲು ಸದ್ದಿಗೆ ನಮ್ಮ ಮಂಗಗಳು ಎರಡೇ ವಾರದಲ್ಲಿ ಒಗ್ಗಿಹೋದ್ವು, ಕೋವಿ ಸದ್ದಿಗೆ ಮಾತ್ರ ಇನ್ನೂ ಸ್ವಲ್ಪ ಮರ್ಯಾದೆ ಕೊಡ್ತಾವೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಇದು ಶಿಕಾರಿ ಮಾಡೋರಿಗೆ ಬರ್ದಿದ್ದಲ್ಲ. 1972ರ ವನ್ಯಜೀವಿ ಕಾಯ್ದೆ ಇರೋವಾಗ ಶಿಕಾರಿ ಅಂದ್ರೆ ಕೇಸು, ಜೈಲು. ಮಂಗಕ್ಕೆ ಗುರಿಯಿಟ್ಟು ಹೊಡೆಯೋ ಮಾತಂತೂ ಆಡ್ಲೇಬೇಡಿ, ಕಾನೂನು ಒಂದು ಕಡೆ ಇರ್ಲಿ, ಮಂಗನ ಕಾಯಿಲೆ ಕಂಡ ಊರು ನಮ್ದು, ಸತ್ತ ಮಂಗದಿಂದ ರೋಗ ಹರಡೋ ಉಣ್ಣೆ ಹುಳ ಉದುರಿ ತೋಟಕ್ಕೆ ಬಂದ್ರೆ ಆಮೇಲೆ ಅಡಕೆ ಕೊಯ್ಯೋರು ಯಾರು. ನಾನು ಹೊಡೆಯೋದು ಧರೆಗೆ, ಅಂದ್ರೆ ಮಣ್ಣಿನ ದಿಬ್ಬಕ್ಕೆ, ಆಚೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು. ಕೆಲಸ ಮಾಡೋದು ಸದ್ದು.

ನಮ್ಮನೇಲಿ ಮೊದಲು ಇದ್ದಿದ್ದು ಅಜ್ಜನ ಕಾಲದ ಕೇಪಿನ ಕೋವಿ. ಮದ್ದು ಹಾಕಿ, ತೆಂಗಿನ ನಾರು ಗಿಡಿದು, ಚರೆ (ಸೀಸದ ಸಣ್ಣ ಗುಂಡು) ಹಾಕಿ, ಮತ್ತೆ ನಾರು ಗಿಡಿದು, ಕಿಡಿ ಹಚ್ಚೋ ಕೇಪು ಕೂರಿಸಿ, ಅಷ್ಟು ಮಾಡೋ ಹೊತ್ತಿಗೆ ಮಂಗ ಊಟ ಮುಗಿಸಿ ಕೈ ತೊಳ್ಕೊಂಡು ಹೋಗಿರ್ತಿತ್ತು. ಅಪ್ಪಯ್ಯಂಗೆ 70 ದಾಟಿದ ಮೇಲೆ ಲೈಸೆನ್ಸ್ ನನ್ನ ಹೆಸ್ರಿಗೆ ಮಾಡಿಸಿದ್ವಿ, 2016ರ ನಿಯಮದಲ್ಲಿ ಹಾಗೆ ಅವಕಾಶ ಇದೆ, ಲೈಸೆನ್ಸ್‌ದಾರರಿಗೆ 70 ಆದ್ರೆ ಅಥವಾ ಕೋವಿ ಇಟ್ಕೊಂಡು 25 ವರ್ಷ ಆದ್ರೆ ವಾರಸುದಾರರು ಅರ್ಜಿ ಹಾಕಬಹುದು. ಅದಕ್ಕೆ ಕಾರವಾರದ ಡಿಸಿ ಆಫೀಸಿಗೆ ಎಷ್ಟು ಸಲ ದೇವಿಮನೆ ಘಟ್ಟ ಇಳಿದು ಹತ್ತಿದೆ ಅಂತ ಲೆಕ್ಕ ಇಟ್ಟಿಲ್ಲ, ಬಿಡಿ. ಆಮೇಲೆ ಕೇಪಿನ ಕೋವಿ ನಳಿಗೆ ತೆಳುವಾಗಿದೆ, ಇನ್ನು ಹೊಡೀಬೇಡಿ ಅಂತ ರಿಪೇರಿಯವ್ರು ಹೇಳಿದ್ದಕ್ಕೆ ತೋಟಾ (ಮದ್ದು, ಚರೆ ಮೊದಲೇ ತುಂಬಿದ ಕಾಡತೂಸು) ಹಾಕೋ 12 ಬೋರ್ ಅಳತೆಯ ಕೋವಿಗೆ ಅನುಮತಿ ತಗೊಂಡೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ, ನಮಗೆ ಅದೆಲ್ಲ ಇಲ್ಲ, ಪ್ರತಿ ಹೆಜ್ಜೆಗೂ ಒಂದು ಅರ್ಜಿ.

ಹುಬ್ಬಳ್ಳಿಯ ಅಂಗಡಿಗೆ ಹೋದ್ರೆ ಅವ್ರು ಮೊದಲು ತೋರಿಸಿದ್ದೇ .315 ರೈಫಲ್. ನೋಡ್ಲಿಕ್ಕೆ ಏನು ಚಂದ ಅಂತೀರಿ. ಇಛಾಪುರ ರೈಫಲ್ ಫ್ಯಾಕ್ಟರಿಯದು, ಹಳೇ ಲೀ ಎನ್‌ಫೀಲ್ಡ್ ಮಿಲಿಟರಿ ರೈಫಲ್ಲಿನ ಬೋಲ್ಟೇ ಇದಕ್ಕೂ, ಮಿಲಿಟರಿಯ .303 ಗುಂಡು ಸಾಮಾನ್ಯರು ಇಟ್ಕೊಳ್ಳೋ ಹಾಗಿಲ್ಲ ಅಂತ ಬೇರೆ ಅಳತೆ ಗುಂಡಿಗೆ ಮಾಡಿದ್ದು. ಬೋಲ್ಟ್ ಎಳೆದು ಬಿಟ್ರೆ ಬರೋ ಆ ಸದ್ದಿಗೇ ಅರ್ಧ ದುಡ್ಡು ಕೊಡೋಣ ಅನಿಸ್ತದೆ. ನಮ್ಮ ಕೆಲಸಕ್ಕೆ ಮಾತ್ರ ಅದು ಅಲ್ಲವೇ ಅಲ್ಲ. ರೈಫಲ್ ಗುಂಡು ಒಂದೇ, ಕಿಲೋಮೀಟರ್ ದಾಟಿ ಹೋಗ್ತದೆ, ನಮ್ಮ ತೋಟ ಇರೋದು ಕಣಿವೇಲಿ, ಎದುರಿನ ಬೆಟ್ಟದ ತಪ್ಪಲಲ್ಲಿ ನಾಲ್ಕು ಮನೆ, ನಡುವೆ ದನ ಮೇಯ್ತಾವೆ. ಅದೂ ಅಲ್ದೆ 1959ರ ಆಯುಧ ಕಾಯ್ದೇಲಿ ಬೆಳೆ ರಕ್ಷಣೆಗೆ ಅಂತ ಹೇಳಿರೋದು ಬಾಯಿಂದ ಮದ್ದು ತುಂಬೋ ಕೋವಿ, ಅದು ಸಾಲದು ಅಂತ ಅಧಿಕಾರಿಗೆ ಅನಿಸಿದ್ರೆ ಒಳಗೆ ಗೀರಿಲ್ಲದ ನುಣುಪು ನಳಿಗೆಯ ಬೇರೆ ಕೋವಿ. ಒಳಗೆ ಗೀರಿದ್ರೆ ಅದು ರೈಫಲ್ಲು, ಅದರ ದಾರಿಯೇ ಬೇರೆ. ಅಂಗಡಿಯವ್ರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಆದ್ರೂ ತೋರಿಸ್ತಾರೆ, ನಾವೂ ನೋಡ್ತೀವಿ.

ಕೊನೆಗೆ ಉಳಿದಿದ್ದು ಎರಡು. ಒಂದು ಖಾಸಗಿ ಕಂಪನಿಯ ಒಂಟಿ ನಳಿಗೆ, ಹೊರಗೆ ಕುದುರೆ (ಈಡು ಹಾರಿಸೋಕೆ ಬಡಿಯೋ ಸುತ್ತಿಗೆ) ಇರೋದು, 23 ಸಾವಿರ. ಇನ್ನೊಂದು ಆರ್ಡ್ನೆನ್ಸ್ ಫ್ಯಾಕ್ಟರಿಯ ಜೋಡು ನಳಿಗೆ, ಅದರ ಮೂರು ಪಟ್ಟಿಗಿಂತ ಮೇಲೆ. ನಾನು ಒಂಟಿ ತಗೊಂಡೆ. ನನ್ನ ಭಾವ, ಅವನ ತೋಟ ನಮ್ಮ ತೋಟದ ಬೇಲಿಗೇ ಹತ್ತಿ ಇದೆ, ಅದೇ ವರ್ಷ ಜೋಡು ತಗೊಂಡ. ಹಾಗಾಗಿ ಒಂದೇ ಮಳೆ, ಒಂದೇ ಮಂಗ, ಒಂದೇ ಹಂದಿ, ಎರಡು ಕೋವಿ. ಇದಕ್ಕಿಂತ ಒಳ್ಳೆ ಪರೀಕ್ಷೆ ಯಾರು ಮಾಡ್ತಾರೆ ಹೇಳಿ.

ನನ್ನ ಕೋವಿಯ ಬಗ್ಗೆ ಒಳ್ಳೇದು ಹೇಳೋಕೆ ಮುಂಚೆ ಕೆಟ್ಟದ್ದು. ಮೊದಲ ಮಳೆಗಾಲದಲ್ಲೇ ನಳಿಗೆ ಮೇಲಿನ ಕಪ್ಪು ಬಣ್ಣ ಅಲ್ಲಲ್ಲಿ ಎದ್ದು ಬೆರಳು ಮುಟ್ಟಿದ ಕಡೆಯೆಲ್ಲ ಕೆಂಪು ತುಕ್ಕು. ಮರದ ಹಿಡಿ ತೇವ ಕುಡಿದು ಉಬ್ಬಿ, ಬೇಸಿಗೇಲಿ ಒಣಗಿ, ಮುಂದಿನ ವರ್ಷ ಸಣ್ಣ ಬಿರುಕು. ಎರಡನೇ ವರ್ಷ ಖಾಲಿ ತೋಟಾ ಹೊರಗೆ ತಳ್ಳೋ ಕೊಕ್ಕೆ ಸಡಿಲಾಯ್ತು, ಹೊಡೆದ ಮೇಲೆ ಕೋವಿ ನಡುವಲ್ಲಿ ತೆರೆದು ಬಗ್ಗಿಸಿದ್ರೆ ತೋಟಾ ಅಲ್ಲೇ ಕಚ್ಕೊಂಡು ಕೂತಿರ್ತದೆ, ಉಗುರಲ್ಲಿ ಕೀಳಬೇಕು. ರಾತ್ರಿ ಎರಡು ಗಂಟೆಗೆ, ಕಂಬಳಿ ಕೊಪ್ಪೆ ಹೊದ್ಕೊಂಡು, ಟಾರ್ಚ್ ಬಾಯಲ್ಲಿ ಕಚ್ಚಿ, ಕಾಲಿಗೆ ಉಂಬಳ ಹತ್ತಿರೋವಾಗ ಅದನ್ನ ಕೀಳೋ ಸುಖ ಅನುಭವಿಸಿದವ್ರಿಗೇ ಗೊತ್ತು. ಎರಡು ಸಲ ಕುದುರೆ ಬಿದ್ರೂ ಈಡು ಹಾರ್ಲಿಲ್ಲ. ಹಾಗೆ ಆದಾಗ ಗಡಿಬಿಡಿ ಮಾಡಿ ತೆರೀಬೇಡಿ, ಬಾಯಿ ಧರೆ ಕಡೆಗೇ ಇಟ್ಟು ಅರ್ಧ ನಿಮಿಷ ಸುಮ್ನೆ ನಿಂತ್ಕೊಳ್ಳಿ, ಕೆಲವೊಮ್ಮೆ ತಡವಾಗಿ ಹಾರ್ತದೆ. ಆಮೇಲೆ ನೋಡಿದ್ರೆ ತೋಟಾದ ಬುಡಕ್ಕೆ ಕುಟ್ಟೋ ಒಳಗಿನ ಮೊಳೆ ಸವೆದಿತ್ತು. ಲೈಸೆನ್ಸ್ ಇರೋ ರಿಪೇರಿ ಅಂಗಡೀಲಿ ಮೊಳೆ, ಸ್ಪ್ರಿಂಗು, ಕೊಕ್ಕೆ ಮೂರೂ ಸರಿ ಮಾಡಿಸ್ದೆ, ಎರಡೂವರೆ ಸಾವಿರ ಚಿಲ್ಲರೆ ಆಯ್ತು. ಅದಾದ ಮೇಲೆ ಇವತ್ತಿನವರೆಗೆ ಒಂದೂ ಸಲ ಕೈ ಕೊಟ್ಟಿಲ್ಲ. ಕಂಪನಿಯವ್ರು ಆ ಎರಡೂವರೆ ಸಾವಿರದ ಕೆಲಸ ಮೊದಲೇ ಮಾಡಿ ಕಳಿಸಿದ್ರೆ ಏನಾಗ್ತಿತ್ತು ಅಂತ ನನ್ನ ಪ್ರಶ್ನೆ.

ಭಾವನ ಕೋವಿ ಕೈಯಲ್ಲಿ ಹಿಡಿದ್ರೇ ಬೇರೆ. ಮುಚ್ಚಿದ್ರೆ ಹಳೇ ಬೀಟೆ ಪೆಟ್ಟಿಗೆ ಮುಚ್ಚಳ ಕೂತ ಹಾಗೆ ಕೂರ್ತದೆ, ನಡುವೆ ಕಾಗದ ತೂರೋ ಜಾಗ ಇಲ್ಲ. ತೂಕ ಜಾಸ್ತಿ, ಆದ್ರೆ ತೂಕ ಎರಡು ಕೈ ನಡುವೆ ಬರ್ತದೆ, ನನ್ನದರ ಹಾಗೆ ಮೂತಿ ಕೆಳಗೆ ಎಳೆಯೋದಿಲ್ಲ. ಹೊಡೆದಾಗ ಭುಜಕ್ಕೆ ಪೆಟ್ಟೂ ಕಮ್ಮಿ. ಎರಡು ನಳಿಗೆಗೆ ಎರಡು ಬಿಲ್ಲು (ಬೆರಳಲ್ಲಿ ಎಳೆಯೋ ಟ್ರಿಗರ್), ಒಂದರ ಬಾಯಿ ಇನ್ನೊಂದಕ್ಕಿಂತ ಸ್ವಲ್ಪ ಬಿಗಿ, ಅದರಿಂದ ಚರೆ ಹತ್ತಿರ ಹತ್ತಿರ ಹೋಗ್ತದೆ. ಪೂರ್ತಿ ಬಿಗಿ ಬಾಯಿಯ ನಳಿಗೆ ಅಂದ್ರೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಬೀಳಬೇಕು ಅಂತ ಲೆಕ್ಕ. ಸದ್ದು ಮಾಡೋ ನಮಗೆ ಆ ಲೆಕ್ಕ ಎಂತಕ್ಕೆ ಅಂತ ನಾನು ಕೇಳಿದ್ದಕ್ಕೆ ಭಾವ ಹೇಳಿದ್ದು, "ನಿನ್ನ ಕೋವಿ ಇದ್ದಲಾ, ಅದು ಅಡಕೆ ಕೊನೆ ಇಳಸಲೆ ಅಡ್ಡಿಲ್ಲೆ." ಆ ಮಾತು ಇವತ್ತಿಗೂ ಮರ್ತಿಲ್ಲ.

ಎರಡನೇ ಈಡಿನ ಅನುಕೂಲ ಇಲ್ಲ ಅಂತ ಹೇಳೋದಿಲ್ಲ. ಮಂಗನ ಹಿಂಡು ಒಂದು ಈಡಿಗೆ ಪಕ್ಕದ ಮರಕ್ಕೆ ಹಾರಿ ತಿರುಗಿ ನೋಡ್ತದೆ, ಕೂಡಲೇ ಎರಡನೇದು ಬಿದ್ರೆ ಬೆಟ್ಟ ಹತ್ತೇ ಬಿಡ್ತದೆ. ಹಂದಿ ವಿಷಯಕ್ಕೆ ಅಪ್ಪಯ್ಯಂದು ಬೇರೆ ಲೆಕ್ಕ: "ಒಂದು ಈಡು ಸಾಕು ತಮಾ, ಎರಡನೇದು ಹೊಡಿಯ ಹೊತ್ತಿಗೆ ಹಂದಿ ಸಿದ್ದಾಪುರ ಮುಟ್ಟಿರ್ತು."

ತೋಟಾ ಖರ್ಚೂ ಸೇರಿಸ್ಕೊಳ್ಳಿ. ಖಡಕಿ ಫ್ಯಾಕ್ಟರಿಯ ಶಕ್ತಿಮಾನ್ ತೋಟಾನೇ ನಾವಿಬ್ರೂ ಹಾಕೋದು, ಒಂದಕ್ಕೆ ನೂರು ರೂಪಾಯಿ ಮೇಲೆ ಬಿದ್ದಿತ್ತು, ಲೈಸೆನ್ಸ್ ಪುಸ್ತಕದಲ್ಲಿ ಬರ್ದಷ್ಟೇ ಕೊಡ್ತಾರೆ. ಜೋಡು ನಳಿಗೆ ಇದ್ದವ್ನ ಕೈ ಎರಡನೇ ಬಿಲ್ಲಿಗೆ ತಾನಾಗೇ ಹೋಗ್ತದೆ, ಭಾವನ ತೋಟಾ ನನ್ನದಕ್ಕಿಂತ ಯಾವಾಗ್ಲೂ ಮೊದಲೇ ಖಾಲಿ. ತೋಟಾ ಡಬ್ಬೀನ ಅಕ್ಕಿ ಡಬ್ಬಿ ಹಾಗೆ ಗಾಳಿ ಆಡದ ಡಬ್ಬೀಲಿ ಇಡಿ. ಹಳೇ ಕಾಗದದ ತೋಟಾ ಯಾರ ಮನೇಲಾದ್ರೂ ಉಳಿದಿದ್ರೆ ಹಾಕ್ಬೇಡಿ, ನಮ್ಮ ಆಷಾಢಕ್ಕೆ ಅವು ಹಪ್ಪಳದ ಹಿಟ್ಟಿನ ಹಾಗೆ ಉಬ್ಬಿ ನಳಿಗೇಲಿ ಕಚ್ಕೊಳ್ತಾವೆ.

ಈಗ ಯಾರೂ ಹೇಳದ ಒಂದು ವಿಷಯ. ನಿಮ್ಮ ಕೋವಿ ನಿಮ್ಮ ಹತ್ರ ಇರೋದು ಎಷ್ಟು ದಿನ? ಚುನಾವಣೆ ಘೋಷಣೆ ಆಯ್ತು ಅಂದ್ರೆ ಠಾಣೆಗೆ ಒಯ್ದು ಇಡಬೇಕು. 2024ರ ಲೋಕಸಭೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮ ಜಿಲ್ಲೇಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ, ಅಂದ್ರೆ ಕೋವಿ ವಾಪಸ್ ಕೈಗೆ ಬರೋ ಹೊತ್ತಿಗೆ ಮಳೆಯೇ ಬಂತು. ಅದರ ಹಿಂದಿನ ವರ್ಷ ವಿಧಾನಸಭೆ ಅಂತ ಮೇ ತನಕ ಅದೇ ಕಥೆ. ಹಂದಿಗೆ ನೀತಿ ಸಂಹಿತೆ ಅನ್ವಯ ಆಗೋದಿಲ್ಲ ಅಲ್ದಾ. ಠಾಣೇಲಿ ನೂರಾರು ಕೋವಿ ಒಂದರ ಮೇಲೊಂದು ಒರಗಿಸಿಟ್ಟಿರ್ತಾರೆ, ಅವ್ರಿಗೂ ಜಾಗ ಎಲ್ಲಿದೆ ಪಾಪ, ಎಣ್ಣೆ ಹಚ್ಚೋರು ಯಾರು. ನನ್ನದು ಬಂದಾಗ ಮೊದಲೇ ಇದ್ದ ತುಕ್ಕಿಗೆ ಇನ್ನಷ್ಟು ತುಕ್ಕು, ತಿಕ್ಕಿದೆ, ಆಯ್ತು. ಭಾವನದ್ದು ಬಂದಾಗ ಹೊಳೆಯೋ ಮರದ ಹಿಡಿ ಮೇಲೆ ಉದ್ದಕ್ಕೆ ಒಂದು ಗೀರು. ಅವತ್ತು ರಾತ್ರಿ ಅವ ಊಟ ಮಾಡ್ಲಿಲ್ಲ ಅಂತ ತಂಗಿ ಫೋನ್ ಮಾಡಿ ಹೇಳಿದ್ಲು.

ಎಣ್ಣೆ ಅಂದಾಗ ನೆನಪಾಯ್ತು, ತೆಂಗಿನೆಣ್ಣೆ ಹಚ್ಚಬೇಡಿ. ಮನೇಲಿ ಕೊಡಗಟ್ಟಲೆ ಇದೆ ಅಂತ ನಾನೂ ಮೊದಲ ವರ್ಷ ಅದನ್ನೇ ಹಚ್ಚಿದ್ದೆ, ಚಳಿಗಾಲ ಬಂತು, ಕುದುರೆ ಸಂದೀಲಿ ಗಟ್ಟಿಯಾಗಿ ಜಿಗುಟು ಹಿಡಿದು ಕೂತ್ಬಿಡ್ತು. ಹೊಲಿಗೆ ಮಷೀನ್ ಎಣ್ಣೆ ಆಗಬಹುದು, ಕೋವಿ ಎಣ್ಣೆಯೇ ಸಿಕ್ರೆ ಇನ್ನೂ ಒಳ್ಳೇದು. ಹೊಡೆದ ದಿನವೇ ನಳಿಗೆ ಒಳಗೆ ಬ್ರಷ್ ಹಾಕಿ, ಬಟ್ಟೆ ಎಳೆದು, ಆಮೇಲೆ ಎಣ್ಣೆ. ಚರ್ಮದ ಚೀಲದೊಳಗೆ ಹಾಕಿ ತಿಂಗಳುಗಟ್ಟಲೆ ಇಡಬೇಡಿ, ಬೂಷ್ಟು ಅಲ್ಲಿಂದಲೇ ಶುರು. ನಮ್ಮನೇಲಿ ಬಚ್ಚಲ ಒಲೆಯ ಗೋಡೆಗೆ ಹತ್ತಿರೋ ಕೋಣೇಲಿ, ಬೀಗ ಹಾಕಿದ ಕಪಾಟಲ್ಲಿ ಇಡ್ತೀವಿ, ತೋಟಾ ಬೇರೆ ಕಡೆ, ಬೇರೆ ಬೀಗ.

ಮೂರನೇ ದಾರಿ ಅಂತ ಹಳೇ ಇಂಗ್ಲಿಷ್ ಜೋಡು ನಳಿಗೆ ನೋಡೋರಿದ್ದಾರೆ, ವೆಬ್ಲಿ ಸ್ಕಾಟ್, ಗ್ರೀನರ್, ಬರ್ಮಿಂಗ್‌ಹ್ಯಾಮ್ ಮಾಲು. ಹೆಸರಿಗೆ ಮರುಳಾಗೋಕೆ ಮುಂಚೆ ಎರಡು ನೋಡಿ. ನಳಿಗೆ ಮೇಲೆ ನೀರಿನ ಅಲೆ ಹಾಗೆ ನೆರಿಗೆ ನೆರಿಗೆ ಚಿತ್ರ ಕಂಡ್ರೆ ಅದು ಡಮಾಸ್ಕಸ್, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದಿದ್ದು, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಅದರಲ್ಲಿ ಹಾಕಿದ್ರೆ ಒಡೆದು ಕೈ ಹೋಗಬಹುದು. ಇನ್ನೊಂದು, ಹಳೇ ಕೋವಿಗಳ ತೋಟಾ ಕೂರೋ ಕೋಣೆ ಎಷ್ಟೋ ಸಲ 65 ಎಂಎಂ ಇರ್ತದೆ, ಅದಕ್ಕೆ 70ರ ತೋಟಾನೂ ಕೂರ್ತದೆ, ಕೂರ್ತದೆ ಅಂತಲೇ ಅಪಾಯ, ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರ್ತದೆ. ಇದು ಎರಡೂ ಗೊತ್ತಿರೋ ರಿಪೇರಿಯವ್ರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಏರ್‌ಗನ್ ಸಾಕಾಗೋದಿಲ್ವಾ ಅಂತ ಕೇಳೋರಿಗೆ: ನಳಿಗೆ .177 ಇಂಚು ಅಳತೆಯೊಳಗೆ, ಹೊಡೆತದ ಶಕ್ತಿ 20 ಜೌಲ್ ಒಳಗೆ ಇದ್ರೆ ಲೈಸೆನ್ಸ್ ಬೇಡ, ನಿಜ, ಸದ್ದೂ ಇಲ್ಲ. ಸದ್ದಿಲ್ಲದ್ದು ತಗೊಂಡು ನಾವು ಎಂತ ಮಾಡೋದು.

ಇನ್ನು ಯಾವುದು ತಗೋಬೇಕು ಅಂದ್ರೆ, ಒಂಟಿ ನಳಿಗೆ ತಗೊಳ್ಳಿ, ಆದ್ರೆ ಅಂಗಡೀಲೇ ಮುಚ್ಚಿ, ಹಿಡಿದು ಅಲ್ಲಾಡಿಸಿ ನೋಡಿ, ಸಂದೀಲಿ ಕಟಕಟ ಅಂದ್ರೆ ವಾಪಸ್ ಇಡಿ. ನಳಿಗೆ ಒಳಗೆ ಬೆಳಕಿಗೆ ಹಿಡಿದು ನೋಡಿ, ನೆರಳಿನ ಉಂಗುರಗಳು ಒಂದರೊಳಗೊಂದು ನೇರ ಕಾಣ್ಬೇಕು, ಒಂದು ಕಡೆ ವಾಲಿದ್ರೆ ನಳಿಗೆ ಡೊಂಕು. ಉಳಿದ ದುಡ್ಡಲ್ಲಿ ಐದು ಸಾವಿರ ರಿಪೇರಿಗೆ ಅಂತ ತೆಗೆದಿಡಿ, ಬೇಕೇ ಬೇಕಾಗ್ತದೆ. ಮನೇಲಿ ದುಡ್ಡಿದೆ, ತೋಟ ದೊಡ್ಡದು, ಮಳೇಲಿ ತಾನೇ ಹೋಗೋ ಪೈಕಿ ಅಲ್ಲ ಅನ್ನೋರು ಜೋಡು ತಗೊಳ್ಳಿ, ವಸ್ತು ಅಂತ ನೋಡಿದ್ರೆ ಅದೇ ಮೇಲು, ಅದರಲ್ಲಿ ನಂಗೆ ವಾದ ಇಲ್ಲ.

ಮೊನ್ನೆ ಜುಲೈ ಮಳೇಲಿ, ರಾತ್ರಿ ಒಂದೂವರೆ ಇರ್ಬೇಕು, ಭಾವನ ಫೋನು. ಅವನ ಗದ್ದೆಗೆ ಹಂದಿ ಇಳಿದಿದೆ. ನಿನ್ನ ಕೋವಿ ಎಲ್ಲಿ ಅಂತ ಕೇಳ್ದೆ. "ಈ ಮಳೇಲಿ ಹೊರಗೆ ತೆಗಿಯಲೆ ಮನಸು ಬತ್ತಿಲ್ಲೆ ಭಾವಾ, ನೀನೇ ನಿನ್ನ ಬದಿಂದ ಒಂದು ಈಡು ಹೊಡಿ ಮಾರಾಯ" ಅಂದ. ಹೊಡೆದೆ. ತೋಟಾ ದುಡ್ಡು ಇನ್ನೂ ಕೊಟ್ಟಿಲ್ಲ.