ಬ್ರೋಕರ್ ಇಲ್ಲದ ಮನೆ: ದೊಡ್ಡ ಅಡ್ವಾನ್ಸಾ, ಜಾಸ್ತಿ ಬಾಡಿಗೆಯಾ, ಭೋಗ್ಯವಾ?

ಬೆಂಗಳೂರಿನಲ್ಲಿ ಓನರ್ ಹತ್ತಿರವೇ ಮಾತಾಡಿದರೆ ಒಂದು ತಿಂಗಳ ಕಮಿಷನ್ ಉಳಿಯುತ್ತದೆ, ನಿಜ. ಆದರೆ ಓನರ್ ಕೇಳುವ ದುಡ್ಡನ್ನು ನೀವೇ ಲೆಕ್ಕ ಹಾಕಬೇಕು.

ಒಂದು ಮನೆಗೆ 20,000 ಬಾಡಿಗೆ, 10 ತಿಂಗಳ ಅಡ್ವಾನ್ಸ್ ಅಂತಿಟ್ಟುಕೊಳ್ಳಿ. ಇನ್ನೊಂದಕ್ಕೆ 21,000, ಅಡ್ವಾನ್ಸ್ 2 ತಿಂಗಳದ್ದು. ಅಡ್ವಾನ್ಸಿನ ವ್ಯತ್ಯಾಸ 1,58,000. ಶೇ. 7ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 11,060 ಬಡ್ಡಿ. ಬಾಡಿಗೆಯ ವ್ಯತ್ಯಾಸ 12,000. ಹೆಚ್ಚುಕಮ್ಮಿ ಸಮ, ಅಲ್ವಾ? ಸಾಲ ಮಾಡಿ ಅಡ್ವಾನ್ಸ್ ಕೊಡೋದಾದರೆ ಮಾತ್ರ ಎರಡನೆಯದೇ ವಾಸಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ 2 ತಿಂಗಳು ಸಾಕು ಅನ್ನುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ.

ನಿಜವಾದ ಪೆಟ್ಟು ಬೀಳೋದು ಬಿಡುವಾಗ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. 11 ತಿಂಗಳಿಗೇ ಬಿಟ್ಟರೆ ಆ 20,000 ತಿಂಗಳಿಗೆ 1,800ರ ಮೇಲೆ ಬೀಳುತ್ತದೆ. ಮೂರು ವರ್ಷ ಇದ್ದರೆ ಸುಮಾರು 555. ಬೇಗ ಊರು ಬದಲಿಸುವವರು "ಪೇಂಟಿಂಗ್ ಬಿಲ್ ಪ್ರಕಾರ" ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ದೊಡ್ಡ ಅಡ್ವಾನ್ಸ್ ಓನರ್ ಕೈಲಿದ್ದರೆ ಮುರಿಯೋಕೂ ಜಾಗ ಜಾಸ್ತಿ.

ಭೋಗ್ಯ ಅಂದರೆ ಒಂದೇ ಸಲ ಲಕ್ಷಗಟ್ಟಲೆ ಕೊಟ್ಟು ಇರೋದು, ಬಿಡುವಾಗ ಆ ದುಡ್ಡು ವಾಪಸ್; ತಿಂಗಳ ಬಾಡಿಗೆಯೇ ಇಲ್ಲ. ಆದರೆ ಕೊಟ್ಟ ಲಕ್ಷಗಳು ವಾಪಸ್ ಬರೋದು ಎಷ್ಟೋ ಸಲ ಮುಂದಿನ ಬಾಡಿಗೆದಾರ ಸಿಕ್ಕ ಮೇಲೆ. ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಇ.ಸಿ. (ಆಸ್ತಿ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ನೋಡಿ. ವರ್ಷ ಮೀರಿದ ಕರಾರಾದರೆ ನೋಂದಣಿ ಕಡ್ಡಾಯ. ಕೈಯಲ್ಲಿ ಸುಮ್ನೆ ಕೂತಿರುವ ದುಡ್ಡಿದ್ದು, ಎರಡು-ಮೂರು ವರ್ಷ ಅಲ್ಲೇ ಇರುವವರಿಗೆ ಮಾತ್ರ ಇದು ಸರಿ.