ಬಿಸಿಲಿಗೆ ಬೈಕು ಸೋತಿತೆಂದು ಬೋರ್ ಹಾಕಿಸಲು ಅವಸರಪಡಬೇಡಿ

ಹಳೆಯ ಬೈಕು ಬೇಸಿಗೆಯ ಮಧ್ಯಾಹ್ನಗಳಲ್ಲಿ ಎಳೆಯದೆ ಸೋಲುತ್ತಿದ್ದರೆ, ಎಂಜಿನ್ ಬಿಚ್ಚಿ ಬೋರ್ ಹಾಕಲು, ಅಂದರೆ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಲು, ಒಪ್ಪಿಗೆ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಒಪ್ಪಿಗೆ ಕೊಟ್ಟು 6,800 ರೂಪಾಯಿ ಕಳೆದುಕೊಂಡೆ. ದೋಷವಿದ್ದದ್ದು ಪ್ಲಗ್ಗಿಗೆ ಕಿಡಿಯ ವಿದ್ಯುತ್ತು ಕೊಡುವ, 450 ರೂಪಾಯಿಯ ಒಂದು ಇಗ್ನಿಷನ್ ಕಾಯಿಲಿನಲ್ಲಿ.

ನನ್ನದು 2003ರ ಮಾದರಿಯ ನೂರು ಸಿಸಿ ಬೈಕು. ಕೆಲಸದ ನಿಮಿತ್ತ ವಾರಕ್ಕೆ ಮೂರು ದಿನ ಹುಬ್ಬಳ್ಳಿಯಿಂದ ಗದಗಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ ಹೋಗುವಾಗ ಯಾವ ತಕರಾರೂ ಇರುತ್ತಿರಲಿಲ್ಲ. ಮಧ್ಯಾಹ್ನ ಮರಳುವಾಗ ಮಾತ್ರ, ಹುಲಕೋಟಿ ದಾಟಿ ಅಣ್ಣಿಗೇರಿ ಸಮೀಪಿಸುತ್ತಿದ್ದಂತೆ, ಎರೆಹೊಲಗಳ ಬಯಲಿನಲ್ಲಿ ಎದುರುಗಾಳಿ ಹೊಡೆಯುವ ಕಡೆ ಪಿಕಪ್ ಬೀಳುತ್ತಿತ್ತು. ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ ಮುಗ್ಗರಿಸಿ, ಸೈಲೆನ್ಸರಿನಲ್ಲಿ ಒಂದೆರಡು ಸಲ ಪಟಾರೆಂದು ಸದ್ದಾಗಿ, ಅರವತ್ತರಲ್ಲಿದ್ದ ವೇಗ ಮೂವತ್ತಕ್ಕಿಳಿದು, ಕೊನೆಗೆ ಬೈಕು ನಿಂತೇಬಿಡುತ್ತಿತ್ತು. ಬೇವಿನ ಗಿಡದ ನೆರಳಿನಲ್ಲಿ ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತಿತ್ತು.

ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರು ಮುಂಜಾನೆ ತಣ್ಣಗಿದ್ದ ಬೈಕನ್ನು ಓಣಿಯಲ್ಲಿ ಒಂದು ಸುತ್ತು ಓಡಿಸಿ ಬಂದು, “ಕಾದ ಮ್ಯಾಲೆ ಪಿಸ್ಟನ್ ಹಿಡಿಯಾಕತ್ತೇತ್ರಿ ಸರ, ಬೋರ್ ಹಾಕಸಬೇಕ್ರಿ” ಎಂದರು. ಬೈಕು ಹೊಗೆ ಬಿಡುತ್ತಿರಲಿಲ್ಲ, ಆಯಿಲ್ ಕುಡಿಯುತ್ತಿರಲಿಲ್ಲ, ಕಾದು ನಿಂತಾಗಲೂ ಕಿಕ್ ಒದ್ದರೆ ಕಾಲಿಗೆ ಮೊದಲಿನಷ್ಟೇ ಬಿಗಿ ಸಿಗುತ್ತಿತ್ತು. ಪಿಸ್ಟನ್, ಸಿಲಿಂಡರ್ ಚೆನ್ನಾಗಿವೆ ಎಂದು ಸೂಚಿಸುವ ಈ ಮೂರನ್ನೂ ಬಲ್ಲ ನಾನು ಅವರಿಗೆ ಒಂದನ್ನೂ ಹೇಳಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಸಿಲಿಂಡರನ್ನು 0.25 ಮಿ.ಮೀ. ದೊಡ್ಡದು ಮಾಡಿ ಹೊಸ ಪಿಸ್ಟನ್ ಹಾಕಿದರು. ತೆಗೆದ ಪಿಸ್ಟನ್ನನ್ನು ಕೇಳಿ ಪಡೆದು ಮಗ್ಗುಲಲ್ಲಿ ಉಗುರಾಡಿಸಿ ನೋಡಿದೆ, ಒಂದು ಗೀರೂ ತಾಗಲಿಲ್ಲ. ಕಾದು ಸಿಲಿಂಡರಿಗೆ ಉಜ್ಜಿ ಹಿಡಿದ ಪಿಸ್ಟನ್ ಹಾಗೆ ನುಣುಪಾಗಿರುವುದಿಲ್ಲ. ಕೊರೆದ ಲೋಹವಂತೂ ತಿರುಗಿ ಬರುವುದಿಲ್ಲ.

ಹೊಸದಾಗಿ ಬೋರ್ ಹಾಕಿದ ಎಂಜಿನ್ ಮೊದಲ ಕೆಲವು ನೂರು ಕಿ.ಮೀ. ಬಿಗಿಯಾಗಿದ್ದು ಹೆಚ್ಚೇ ಕಾಯುತ್ತದೆ. ಅಣ್ಣಿಗೇರಿಯ ಹತ್ತಿರ ನಿಲ್ಲುತ್ತಿದ್ದ ಬೈಕು ಈಗ ಹುಲಕೋಟಿಯಲ್ಲೇ ನಿಲ್ಲತೊಡಗಿತು!

ಕೊನೆಗೊಂದು ದಿನ, ಆರಲು ಬಿಡುತ್ತ, ಓಡಿಸುತ್ತ ಹೇಗೋ ಅಣ್ಣಿಗೇರಿಯವರೆಗೆ ಬಂದಾಗ, ಅದು ನಿಂತದ್ದು ರಸ್ತೆ ಬದಿಯ ಗ್ಯಾರೇಜೊಂದರ ಎದುರಿಗೆ. ಅಲ್ಲಿದ್ದ ವಯಸ್ಸಾದ ಮಿಸ್ತ್ರಿಗೆ “ಸ್ವಲ್ಪ ಆರಲಿ, ಆಮೇಲೆ ನೋಡಿ” ಎಂದೆ. “ಆರಾಕ ಬಿಡಬ್ಯಾಡ್ರಿ. ಆರಿದ್ರ ಏನ್ ಕಾಣಸ್ತೈತಿ?” ಎಂದವರೇ ಮೊದಲು ಟ್ಯಾಂಕಿನ ಮುಚ್ಚಳ ತೆರೆದರು. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಳ್ಳುತ್ತದೆ, ಇಲ್ಲಿ ಸದ್ದಾಗಲಿಲ್ಲ. ಕಾರ್ಬೋರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಬಾಟಲಿ ಹಿಡಿದರು. ಪೆಟ್ರೋಲ್ ಕಡಿಯದೆ ಇಳಿಯಿತು. ಸ್ಕ್ರೂ ಬಿಗಿದು, ಬಾಟಲಿಯನ್ನು ದೂರವಿಟ್ಟು, ಮುಚ್ಚಳ ಹಾಕಿ, ಕೆಳಗೆ ಸುರಿದಿದ್ದನ್ನು ಒರೆಸಿದ ಮೇಲೆಯೇ ಪ್ಲಗ್ ಬಿಚ್ಚಿ, ಅದರ ಲೋಹವನ್ನು ಎಂಜಿನ್ನಿಗೆ ತಾಗಿಸಿ ನೆರಳು ಮಾಡಿಕೊಂಡು ಕಿಕ್ ಹೊಡೆಸಿದರು. ಕಿಡಿ ಕೂದಲೆಳೆಯಷ್ಟು ತೆಳ್ಳಗೆ, ಕೇಸರಿ ಬಣ್ಣದಲ್ಲಿತ್ತು. ಆಮೇಲೆ ಒಂದು ಅರಿವೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಟ್ಯಾಂಕಿನ ಅಡಿಯ ಇಗ್ನಿಷನ್ ಕಾಯಿಲಿಗೆ ಸುತ್ತಿ ಐದು ನಿಮಿಷ ಕಾದರು. ಈ ಬಾರಿ ಕಿಡಿ ಚಟ್ಟೆಂದು ನೀಲಿಯಾಗಿ ಹಾರಿತು. ಎಂಜಿನ್ ಇನ್ನೂ ಕೈ ಇಡಲಾಗದಷ್ಟು ಬಿಸಿ ಇದ್ದರೂ ಎರಡನೆಯ ಕಿಕ್ಕಿಗೇ ಬೈಕು ಎದ್ದಿತು.

ಕಾಯಿಲಿನೊಳಗೆ ಸಾವಿರಾರು ಸುತ್ತು ತೆಳು ತಂತಿ ಇರುತ್ತದೆ. ವರ್ಷಗಳು ಕಳೆದಂತೆ ಅದರ ನಿರೋಧಕ ಲೇಪ ದುರ್ಬಲವಾಗಿ, ಕಾದಾಗ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಸುತ್ತುಗಳ ನಡುವೆಯೇ ಸೋರುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಸಿಲಿಂಡರಿನ ಒತ್ತಡ ಹೆಚ್ಚಿ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ, ಬೈಕು ಎದುರುಗಾಳಿಯಲ್ಲಿ, ಏರಿನಲ್ಲಿ, ಹಿಂದೆ ಒಬ್ಬರು ಕುಳಿತಾಗ ಮೊದಲು ಸೋಲುತ್ತದೆ. ತಣ್ಣಗಿದ್ದಾಗ ಮೀಟರ್ ಹಚ್ಚಿದರೆ ಅಳತೆ ಸರಿಯಾಗಿಯೇ ಬರಬಹುದು.

ಇದನ್ನು ನೀವೇ ನೋಡುವುದಾದರೆ ಕಾದ ಎಂಜಿನ್ನಿನ ಮೇಲೆ ನೀರು ಸುರಿಯಬೇಡಿ, ಲೋಹ ಬಿರಿಯಬಹುದು. ಒದ್ದೆ ಅರಿವೆ ಕಾಯಿಲಿಗಷ್ಟೇ. ಪ್ಲಗ್ಗನ್ನು ಲೋಹಕ್ಕೆ ತಾಗಿಸದೆ ಕಿಕ್ ಹೊಡೆದರೆ ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೆಡುವ ಸಂಭವವಿದೆ. ಕಾಯಿಲ್ ತಣಿದರೂ ಕಿಡಿ ಸುಧಾರಿಸದಿದ್ದರೆ, ಇದೇ ರೀತಿ ಕಾದಾಗ ಕೈಕೊಡುವ ಪಿಕಪ್ ಕಾಯಿಲನ್ನು (ಕಿಡಿ ಯಾವಾಗ ಹಾರಬೇಕೆಂದು ಸೂಚನೆ ಕೊಡುವ, ಎಂಜಿನ್ನಿನಲ್ಲಿರುವ ಬೇರೊಂದು ಕಾಯಿಲ್) ಅನುಮಾನಿಸಿ. ಕಿಡಿ ಚೆನ್ನಾಗಿದ್ದು, ಕಾದಾಗ ಕಿಕ್ ಹಗುರವೆನಿಸಿದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಪೆಟ್ ಅಂತರ (ವಾಲ್ವನ್ನು ಒತ್ತುವ ಭಾಗಕ್ಕೂ ವಾಲ್ವಿಗೂ ನಡುವೆ ಬಿಡುವ ಸಣ್ಣ ಸಂದು) ನೋಡಿಸಿ. ಅದು ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಎಂಜಿನ್ನಿನ ಕಸುವು ಸೋರಿಹೋಗುತ್ತದೆ.

ಹೊಸ ಕಾಯಿಲ್ ಹಾಕಿಸಿದ ಮೇಲೆ ಹಳೆಯದನ್ನು ಹುಬ್ಬಳ್ಳಿಯ ಮೆಕ್ಯಾನಿಕ್‌ಗೆ ಒಯ್ದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, “ಮುಂಜಾನೆ ನಾ ನೋಡಿದಾಗ ಸ್ಪಾರ್ಕ್ ಛಲೋನ ಇತ್ತಲ್ರಿ ಸರ” ಎಂದರು. ಅವರು ಸುಳ್ಳು ಹೇಳಿರಲಿಲ್ಲ.